ಮೊಣಕಾಲೆತ್ತರದ ಕ್ರಿಸ್‌ಮಸ್: ಈಗಷ್ಟೇ ನಡೆಯಲು ಕಲಿತ ಮಗುವಿರುವ ಮನೆಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮಗಳಿಗೆ ಆಗ ಹದಿನಾರು ತಿಂಗಳು. ಕ್ರಿಸ್‌ಮಸ್ ಮರಕ್ಕೆ ದೀಪದ ಸರ ಸುತ್ತಿ, ಗೋಲಗಳನ್ನೆಲ್ಲ ತೂಗಿಬಿಟ್ಟು, ತುದಿಗೆ ನಕ್ಷತ್ರ ಸಿಕ್ಕಿಸಿದ್ದೆವು. ಎರಡು ಹೆಜ್ಜೆ ಹಿಂದೆ ನಿಂತು, ಚೆನ್ನಾಗಿದೆ ಅಲ್ವಾ ಅಂತ ನೋಡುತ್ತಿದ್ದೆವು. ಅಷ್ಟರಲ್ಲಿ ಅವಳು ಕೆಳಗಿನ ಕೆಂಪು ಗೋಲವನ್ನು ಹಿಡಿದು ಎಳೆದಳು. ಗೋಲ ಬರಲಿಲ್ಲ, ಮರವೇ ಬಂತು. ಪುಣ್ಯಕ್ಕೆ ಅದು ಸೋಫಾದ ಮೇಲೆ ವಾಲಿತು. ಅವಳು ಬೆಚ್ಚಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಚಪ್ಪಾಳೆ ತಟ್ಟಿದಳು.

ಆ ವರ್ಷದ ಹಬ್ಬವನ್ನು ನಾವು ದೊಡ್ಡವರ ಕಣ್ಣಳತೆಯಲ್ಲಿ ಮಾಡಿದ್ದೆವು. ಮರ, ಊಟ, ನೆಂಟರು, ಫೋಟೋ ಎಲ್ಲ ನಮ್ಮ ಎತ್ತರಕ್ಕೆ. ಮಗು ಮಾತ್ರ ಮೊಣಕಾಲೆತ್ತರದಲ್ಲಿತ್ತು. ಎರಡನೇ ಮಗು ಬರುವ ಹೊತ್ತಿಗೆ ಒಂದಿಷ್ಟು ಬುದ್ಧಿ ಬಂದಿತ್ತು. ಒಂದರಿಂದ ಮೂರು ವರ್ಷದ ಮಗುವಿಗೆ ದೊಡ್ಡ ಹಬ್ಬವೇನೂ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ನಿದ್ದೆ, ಗೊತ್ತಿರುವವರ ತೊಡೆ, ಮುಟ್ಟಿ ನೋಡಲು ನಾಲ್ಕು ಹೊಸ ವಸ್ತು, ಇಷ್ಟು ಸಿಕ್ಕರೆ ಅದಕ್ಕೆ ಹಬ್ಬ. ಮಿಕ್ಕಿದ್ದೆಲ್ಲ ನಮಗೋಸ್ಕರ ಮಾಡಿಕೊಳ್ಳುವುದು. ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಯಾವುದು ಯಾರಿಗೆ ಅಂತ ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಹಂತ 1: ಪಟ್ಟಿ ಮಾಡಿ, ಆಮೇಲೆ ಅರ್ಧ ಹೊಡೆದುಹಾಕಿ

ಆಗಮನ ಕಾಲ, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧವಾಗುವ ದಿನಗಳು, ಶುರುವಾಗುವುದು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ. ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಯಾವಾಗಲಾದರೂ. ಆ ಸಂಜೆ ಮಗು ಮಲಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಒಂದು ಹಾಳೆ ಇಟ್ಟುಕೊಂಡು ಕೂರಿ. ಇಡೀ ತಿಂಗಳು ಮಾಡಬೇಕು ಅಂದುಕೊಂಡಿದ್ದೆಲ್ಲ ಬರೆಯಿರಿ: ಕ್ಯಾರೊಲ್, ಶಾಪಿಂಗ್, ಕೇಕ್, ಚರ್ಚು, ಆಫೀಸಿನ ಪಾರ್ಟಿ, ನೆಂಟರ ಮನೆ, ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ಹಾಕಿ ಫೋಟೋ.

ಈಗ ಪ್ರತಿಯೊಬ್ಬರೂ ಇದಿಲ್ಲದಿದ್ದರೆ ಹಬ್ಬ ಅನ್ನಿಸಲ್ಲ ಅನ್ನುವಂಥ ಎರಡನ್ನು ಮಾತ್ರ ಗುರುತು ಮಾಡಿ. ಒಟ್ಟು ನಾಲ್ಕು. ಉಳಿದದ್ದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ನನ್ನ ಪಟ್ಟಿಯಲ್ಲಿ ಹೋಗಿದ್ದು ಫೋಟೋ. ಮೂರು ವರ್ಷ ಆಯಿತು, ಯಾರೂ ಕೇಳಿಲ್ಲ.

ಆ ನಾಲ್ಕನ್ನು ಕ್ಯಾಲೆಂಡರಿನಲ್ಲಿ ಬರೆಯುವ ಮೊದಲು ಮಗುವಿನ ಮಧ್ಯಾಹ್ನದ ನಿದ್ದೆ ಬರೆಯಿರಿ. ಸುಮ್ನೆ ಹೇಳುತ್ತಿಲ್ಲ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮೂರು ತುಂಬಿದ ಮೇಲೆ 10ರಿಂದ 13 ಗಂಟೆ. ಹಗಲು ಮಲಗದಿದ್ದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಅನ್ನುವ ಲೆಕ್ಕ ಈ ವಯಸ್ಸಿಗೆ ಹೊಂದುವುದಿಲ್ಲ. ಅತಿಯಾಗಿ ದಣಿದ ಮಗು ಇನ್ನಷ್ಟು ರಚ್ಚೆ ಹಿಡಿಯುತ್ತದೆ, ಮಲಗಲು ಇನ್ನಷ್ಟು ಹೊತ್ತು ಮಾಡುತ್ತದೆ. ಹಾಗಾಗಿ ನೆಂಟರಿಗೆ ಹೇಳುವಾಗ “ಮೂರೂವರೆ ಮೇಲೆ ಬನ್ನಿ” ಅನ್ನಿ. ಸಂಕೋಚ ಬೇಡ.

ಹಂತ 2: ಮಂಡಿಯೂರಿ ಮನೆ ಸುತ್ತಿ, ಆಮೇಲೆ ಮರ ನಿಲ್ಲಿಸಿ

ಅಲಂಕಾರದ ಡಬ್ಬ ಇಳಿಸುವ ಮೊದಲು ಅಂಬೆಗಾಲಿನಲ್ಲಿ ಒಂದು ಸುತ್ತು ಹಾಕಿ. ನಗು ಬರುತ್ತೆ, ಬರಲಿ. ಮೇಜಿನ ಬಟ್ಟೆಯ ತುದಿ ಎಲ್ಲಿ ಜೋತಾಡುತ್ತದೆ, ಪ್ಲಗ್ ಎಲ್ಲಿದೆ, ಯಾವ ವೈರು ಕೈಗೆ ಸಿಗುತ್ತದೆ ಅನ್ನುವುದು ಅಲ್ಲಿಂದಲೇ ಕಾಣುವುದು.

ಮರಕ್ಕೆ ಮೂಲೆಯೇ ಒಳ್ಳೆಯ ಜಾಗ. ಎರಡು ಕಡೆ ಗೋಡೆ ಕಾಯುತ್ತದೆ, ನಾವು ಕಾಯಬೇಕಾದ್ದು ಮುಂದಿನ ಭಾಗ ಮಾತ್ರ. ಬುಡಕ್ಕೆ ತೂಕ ಇಡಿ. ಮರದ ನಡುವಿನ ಕಾಂಡಕ್ಕೆ ಗಟ್ಟಿ ದಾರ ಕಟ್ಟಿ, ಗೋಡೆಯ ಕೊಕ್ಕೆಗೋ ಕಿಟಕಿ ಸರಳಿಗೋ ಬಿಗಿಯಿರಿ. ದಾರವನ್ನು ನಿಮ್ಮ ಸೊಂಟಕ್ಕಿಂತ ಮೇಲೆ, ಮಗುವಿಗೆ ಎಟುಕದಂತೆ ಕಟ್ಟಿ. ಕಟ್ಟಿದ ಮೇಲೆ ಕೆಳಗಿನ ಕೊಂಬೆ ಹಿಡಿದು ನೀವೇ ಜೋರಾಗಿ ಎಳೆಯಿರಿ. ನೀವು ಎಳೆಯದಿದ್ದರೆ ಮಗು ಎಳೆಯುತ್ತದೆ. ಹತ್ತಿರದಲ್ಲಿ ಕುರ್ಚಿ, ಸ್ಟೂಲು ಏನೂ ಬೇಡ. ಹದಿನೆಂಟು ತಿಂಗಳ ಮಗುವಿಗೆ ಅವೆಲ್ಲ ಏಣಿಯೇ.

ಗಾಜಿನ ಗೋಲ, ಕೊಕ್ಕೆ ತಂತಿ, ಮಣಿಸರ, ಮಿನುಗುಪುಡಿ ಉದುರುವ ವಸ್ತುಗಳೆಲ್ಲ ಮೇಲಿನ ಅರ್ಧಕ್ಕೆ ಹೋಗಲಿ. ಈ ಸಲ ಹೊರಗೆ ತೆಗೆಯದಿದ್ದರೆ ಇನ್ನೂ ಒಳ್ಳೆಯದು. ಕೆಳಗಿನ ಅರ್ಧವನ್ನು ಪೂರ್ತಿ ಮಗುವಿಗೆ ಬಿಟ್ಟುಕೊಡಿ. ಬಟ್ಟೆಯ ಗೊಂಬೆ, ಉಣ್ಣೆಯ ಚೆಂಡು, ದಪ್ಪ ರಟ್ಟಿನಲ್ಲಿ ಕತ್ತರಿಸಿದ ನಕ್ಷತ್ರ ಹಾಕಿ. ಎಲ್ಲವನ್ನೂ ಮೆತ್ತಗಿನ ರಿಬ್ಬನ್ನಿನ ಚಿಕ್ಕ ಕುಣಿಕೆಯಲ್ಲಿ ತೂಗಿ, ತೆಗೆದರೂ ಹಾಕಿದರೂ ಹಾಳಾಗಬಾರದು. ನಮ್ಮ ಮಗ ಒಂದು ವಾರವಿಡೀ ಅದನ್ನೇ ಆಡಿದ. ಬೆಳಗ್ಗೆ ಎದ್ದು ಎಲ್ಲ ಕಿತ್ತು ತನ್ನ ಆಟದ ಲಾರಿಯಲ್ಲಿ ತುಂಬುವುದು, ಸಂಜೆ ಒಂದೊಂದಾಗಿ ವಾಪಸ್ ತೂಗುವುದು. ಆ ಹದಿನಾಲ್ಕು ವಸ್ತುಗಳೂ ಒಂದೇ ಕೊಂಬೆಯಲ್ಲಿ. ಮರ ನೋಡಲು ಒಕ್ಕಣ್ಣನ ಹಾಗಿತ್ತು. ನಾವು ಸರಿಮಾಡಲು ಹೋಗಲಿಲ್ಲ.

“ಮುಟ್ಟಬೇಡ” ಅನ್ನುವುದನ್ನು ಒಂದೇ ಒಂದು ವಸ್ತುವಿಗೆ ಮೀಸಲಿಡಿ. ನಾನಾದರೆ ದೀಪದ ವೈರಿಗೆ ಇಡುತ್ತೇನೆ. ಹತ್ತು ವಸ್ತುವಿಗೆ ಬೇಡ ಅಂದರೆ ಹತ್ತಕ್ಕೂ ಬೆಲೆ ಇರುವುದಿಲ್ಲ. ದೀಪಗಳು ಎಲ್‌ಇಡಿ ಆಗಿರಲಿ, ಹಳೆಯ ಬಲ್ಬುಗಳಷ್ಟು ಬಿಸಿಯಾಗುವುದಿಲ್ಲ. ಮಲಗುವಾಗ, ಹೊರಗೆ ಹೋಗುವಾಗ ಸ್ವಿಚ್ ತೆಗೆಯಿರಿ. ನಿಜವಾದ ಮೇಣದ ಬತ್ತಿ ಮಗು ಮಲಗಿದ ಮೇಲೆ ಮಾತ್ರ.

ಗಿಡಗಳ ಬಗ್ಗೆ ಒಂದು ಮಾತು. ಕೆಂಪು ಎಲೆಯ ಪಾಯಿನ್‌ಸೆಟಿಯಾ ಭಾರಿ ವಿಷ ಅಂತ ಹೇಳುವವರಿದ್ದಾರೆ. ಅಷ್ಟೇನಿಲ್ಲ. ಅಗಿದರೆ ಬಾಯಿ, ಹೊಟ್ಟೆ ಸ್ವಲ್ಪ ಕೆಡಬಹುದು. ಅಲಂಕಾರಕ್ಕೆ ಬಳಸುವ ಹಾಲಿ (holly) ಮತ್ತು ಮಿಸಲ್‌ಟೋ ಗಿಡಗಳ ಹಣ್ಣುಗಳ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ, ತಿಂದರೆ ವಾಂತಿ ಭೇದಿ ಆಗುತ್ತದೆ. ಅವು ಪ್ಲಾಸ್ಟಿಕ್ಕಿನವಾದರೂ ಕಿತ್ತು ಬಾಯಿಗೆ ಹಾಕಿಕೊಳ್ಳುವಷ್ಟೇ ಗಾತ್ರ. ಎರಡೂ ಮೇಲಿರಲಿ.

ಹಂತ 3: ಬಟನ್ ಬ್ಯಾಟರಿಗಳನ್ನು ಎಣಿಸಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನೇ ಓದಿ.

ಕ್ರಿಸ್‌ಮಸ್ ಬಂದರೆ ಮನೆಗೆ ಬಟನ್ ಬ್ಯಾಟರಿಗಳ ಹಿಂಡೇ ಬರುತ್ತದೆ. ಮಿನುಗುವ ಪುಟ್ಟ ಮೇಣದ ಬತ್ತಿ, ಹಾಡುವ ಗ್ರೀಟಿಂಗ್ ಕಾರ್ಡ್, ದೀಪದ ಟೋಪಿ, ಸಣ್ಣ ರಿಮೋಟ್, ಎಲ್ಲದರಲ್ಲೂ ಅದೇ ನಾಣ್ಯದಂಥ ಬ್ಯಾಟರಿ. ಸಾಮಾನ್ಯವಾಗಿ ಸಿಗುವ ಸಿಆರ್2032ರ ಅಗಲ 20 ಮಿಲಿಮೀಟರ್. ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಅಳತೆ. ಅಲ್ಲಿನ ಒದ್ದೆಗೆ ತಾಗಿ ಕರೆಂಟು ಹರಿದು, ಕ್ಷಾರ ಹುಟ್ಟಿ ಮಾಂಸ ಸುಡುತ್ತದೆ. ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ದೀಪ ಹತ್ತಿಸಲಾರದಷ್ಟು ಸವೆದ ಬ್ಯಾಟರಿಯೂ ಸುಡುತ್ತದೆ. ಅದೇ ಮೋಸ.

ನಮ್ಮಲ್ಲಿ ಆದದ್ದು ಇಷ್ಟು. ಯಾರೋ ಕೊಟ್ಟ ಪ್ಲಾಸ್ಟಿಕ್ ಮೇಣದ ಬತ್ತಿ ಮಗಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ತಳದ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಬರೀ ಒತ್ತಿ ಕೂರಿಸುವಂಥದ್ದು. ಟಕ್ ಅಂತ ಬಿಚ್ಚಿಕೊಂಡಿತು. ಬ್ಯಾಟರಿ ಅಂಚಿನ ಮೇಲೆ ನಿಂತು, ಉರುಳುತ್ತಾ ಉರುಳುತ್ತಾ ಸೋಫಾದ ಕೆಳಗೆ ಹೋಯಿತು. ಅವಳು ಅದರ ಹಿಂದೆಯೇ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ್ದಳು. ನಾನು ಒಲೆಯ ಹತ್ತಿರ ಇದ್ದಿದ್ದರೆ ನೋಡುತ್ತಲೇ ಇರಲಿಲ್ಲ.

ಆಮೇಲಿಂದ ಮಾಡುತ್ತಿರುವುದು ಇದು. ಡಿಸೆಂಬರ್ ಮೊದಲ ವಾರ ಬ್ಯಾಟರಿ ಇರುವ ಅಲಂಕಾರವನ್ನೆಲ್ಲ ಮೇಜಿನ ಮೇಲೆ ಹರಡುತ್ತೇನೆ. ಸ್ಕ್ರೂ ಇಲ್ಲದ್ದು ಮನೆಯಲ್ಲಿ ಉಳಿಯುವುದಿಲ್ಲ. ಸ್ಕ್ರೂ ಇದ್ದದ್ದನ್ನು ಬಿಗಿಮಾಡಿ, ಒಟ್ಟು ಎಷ್ಟು ಅಂತ ಫ್ರಿಜ್ಜಿನ ಮೇಲೆ ಬರೆದಿಡುತ್ತೇನೆ. ಹಾಡುವ ಕಾರ್ಡ್ ಬಂದರೆ ಒಮ್ಮೆ ಕೇಳಿ, ಎತ್ತರದ ಕಪಾಟಿಗೆ. ತೆಗೆದ ಬ್ಯಾಟರಿಗೆ ಎರಡೂ ಕಡೆ ಟೇಪು ಸುತ್ತಿ ಎತ್ತಿಡುತ್ತೇನೆ.

ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಮಗು ಆರಾಮಾಗಿ ಆಡುತ್ತಿದ್ದರೂ ಸರಿ. ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ಒಂದು ವರ್ಷ ದಾಟಿದ್ದು, ನುಂಗಲು ಆಗುತ್ತಿದ್ದು, ನುಂಗಿ 12 ಗಂಟೆ ಕಳೆದಿಲ್ಲದಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಆರು ಸಲದವರೆಗೆ ಕೊಡಿ ಎನ್ನುವುದು ಅಮೆರಿಕದ ವಿಷ ನಿಯಂತ್ರಣ ತಜ್ಞರ ಸಲಹೆ. ಜೇನು ಹುಡುಕಿಕೊಂಡು ಮನೆಯಲ್ಲಿ ನಿಲ್ಲಬೇಡಿ. ಪುಟ್ಟ ಆಯಸ್ಕಾಂತಗಳೂ ಇಷ್ಟೇ ಅಪಾಯ. ಎರಡು ನುಂಗಿದರೆ ಕರುಳಿನ ಎರಡು ಕಡೆಯಿಂದ ಒಂದಕ್ಕೊಂದು ಅಂಟಿ ನಡುವಿನ ಕರುಳನ್ನು ಹಿಂಡುತ್ತವೆ.

ಹಂತ 4: ಗೋದಲಿಯನ್ನು ಕೆಳಗಿಡಿ

ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ, ಇಡುವ ರೂಢಿ ಇದ್ದರೆ ಎರಡು ಮಾಡಿ. ಮಣ್ಣಿನ ಹಳೆಯ ಗೊಂಬೆಗಳದ್ದು ಮೇಲೆ ಕಪಾಟಿನಲ್ಲಿ. ಬಟ್ಟೆಯದೋ ಮರದ್ದೋ ಇನ್ನೊಂದು ನೆಲದ ಮೇಲೆ, ಮಗುವಿನ ಪಾಲಿಗೆ. ಇದೇನೂ ಹೊಸ ಕಾಲದ ವಿಚಾರವಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗೋದಲಿಯ ದೃಶ್ಯ ಏರ್ಪಡಿಸಿದಾಗ ಅಲ್ಲಿದ್ದದ್ದು ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ. ಜನ ಹತ್ತಿರದಿಂದ ಕಣ್ಣಾರೆ ನೋಡಲಿ ಅಂತಲೇ ಮಾಡಿದ್ದು.

ಕುರಿ ಎಲ್ಲಿ, ಕತ್ತೆ ಏನನ್ನುತ್ತೆ, ಪಾಪು ಎಲ್ಲಿ ಮಲಗಿದೆ ಅಂತ ಕೇಳಿ. ಎರಡು ವರ್ಷದ ಮಗುವಿಗೆ ಇಡೀ ಕಥೆ ಅಷ್ಟರಲ್ಲೇ ಹಿಡಿಸುತ್ತದೆ. ನಮ್ಮ ಮನೆಯಲ್ಲಿ ಬಾಲ ಯೇಸು ಒಮ್ಮೆ ಎರಡು ದಿನ ಕಾಣೆಯಾಗಿ, ಕೊನೆಗೆ ಮಕ್ಕಳ ಅಪ್ಪನ ಬೂಟಿನೊಳಗೆ ಸಿಕ್ಕಿದ. ಮೇಲೊಂದು ಕರ್ಚೀಫು ಹೊದಿಸಿತ್ತು. ಚಳಿ ಅಂತೆ.

ಹಂತ 5: ದಿನ ಎಣಿಸುವುದು ತಡವಾಗಿ ಶುರುವಾಗಲಿ

“ಇನ್ನು ಇಪ್ಪತ್ತು ದಿನ” ಅನ್ನುವುದಕ್ಕೆ ಈ ವಯಸ್ಸಿನಲ್ಲಿ ಅರ್ಥವಿಲ್ಲ. ನಾಳೆ ಅನ್ನುವುದೇ ಮಸುಕು. ದಿನಕ್ಕೊಂದು ಪುಟ್ಟ ಬಾಗಿಲು ತೆಗೆಯುವ 24 ಬಾಗಿಲಿನ ಆಗಮನ ಕ್ಯಾಲೆಂಡರ್ ತಂದರೆ ಮಗು ಮೊದಲ ದಿನವೇ 24 ಬಾಗಿಲೂ ತೆಗೆಯುತ್ತದೆ. ಅದರ ತಪ್ಪಲ್ಲ. ಬದಲಿಗೆ 20ನೇ ತಾರೀಕಿನಿಂದ ಐದು ಕಾಗದದ ಬಳೆಗಳ ಸರಪಳಿ ಮಾಡಿ. ದಿನಾ ರಾತ್ರಿ ಮಲಗುವ ಮುಂಚೆ ಒಂದನ್ನು ಹರಿಯಲಿ. ಹರಿಯುವುದೇ ಖುಷಿ. ಮೂರು ತುಂಬದವರಿಗೆ ಇದಕ್ಕಿಂತ ಜಾಸ್ತಿ ಬೇಡ.

ಹಂತ 6: ಉಡುಗೊರೆ ಕಡಿಮೆ, ಡಬ್ಬ ಜಾಸ್ತಿ

ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಹದಿನೆಂಟರಿಂದ ಮೂವತ್ತು ತಿಂಗಳ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಒಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಇದನ್ನು ಓದುವ ಮೊದಲೇ ನನಗೆ ಗೊತ್ತಿತ್ತು. ಮಗಳ ಎರಡನೇ ಕ್ರಿಸ್‌ಮಸ್‌ನಲ್ಲಿ ಹನ್ನೊಂದು ಪೊಟ್ಟಣ ಬಂದಿದ್ದವು. ಮೂರನೆಯದರಲ್ಲಿ ಒಂದು ಮರದ ಬಾತುಕೋಳಿ ಇತ್ತು. ಅವಳು ಅದನ್ನು ನಡೆಸುತ್ತಾ ಹೋಗುತ್ತಿದ್ದಳು. ನಾವು “ಇದು ಬಿಚ್ಚು, ಇದು ಬಿಚ್ಚು” ಅಂತ ಕಿತ್ತು ಕಿತ್ತು ಇನ್ನೊಂದನ್ನು ಕೈಗಿಟ್ಟೆವು. ಏಳನೆಯದಕ್ಕೆ ಅವಳು ನೆಲಕ್ಕೆ ಬಿದ್ದು ಅತ್ತಳು. ಫೋಟೋದಲ್ಲಿ ನಾವೆಲ್ಲ ನಗುತ್ತಿದ್ದೇವೆ.

ಈಗ ಹೀಗೆ ಮಾಡುತ್ತೇವೆ. ನಮ್ಮ ಕಡೆಯಿಂದ ಒಂದು ಅಥವಾ ಎರಡು. ಹಬ್ಬದ ದಿನ ಬೆಳಗ್ಗೆ ಒಂದು ಬಿಚ್ಚಿದರೆ ಮಗುವಿಗೆ ಸಾಕಾಗುವವರೆಗೂ ಅದರಲ್ಲೇ ಆಡಲಿ. ನೆಂಟರು ತಂದದ್ದನ್ನು ಅವರೆದುರಿಗೇ ಬಿಚ್ಚಿ, ಅಪ್ಪಿ, ಖುಷಿಪಟ್ಟು, ಅವರು ಹೋದ ಮೇಲೆ ಕೆಲವನ್ನು ಅಟ್ಟಕ್ಕೆ ಹಾಕಿ. ಫೆಬ್ರವರಿಯ ಒಂದು ಬೇಸರದ ಮಧ್ಯಾಹ್ನ ಇಳಿಸಿದರೆ ಅದೂ ಹಬ್ಬವೇ. ಮೊದಲೇ ಏನು ತರಲಿ ಅಂತ ಕೇಳಿದವರಿಗೆ ನೇರವಾಗಿ ಹೇಳಿ: ಪುಸ್ತಕ, ದಪ್ಪ ಕ್ರೇಯಾನ್, ಚಪ್ಪಲಿ. ಕೇಳಿದವರಿಗೆ “ಏನೂ ಬೇಡ” ಅಂದರೆ ದೊಡ್ಡ ಸದ್ದಿನ ಪ್ಲಾಸ್ಟಿಕ್ಕೇ ಬರುತ್ತದೆ.

ಸುತ್ತುವಾಗ ಟೇಪನ್ನು ಒಂದೇ ಕಡೆ, ಸಡಿಲವಾಗಿ ಅಂಟಿಸಿ. ಆಟಿಕೆಯನ್ನು ಹಿಂದಿನ ರಾತ್ರಿಯೇ ಡಬ್ಬದಿಂದ ತೆಗೆದು, ತಂತಿ ಬಿಚ್ಚಿ, ಬ್ಯಾಟರಿ ಹಾಕಿ ಸಿದ್ಧಮಾಡಿ. ಮಗು ಕಾಯುವುದು ಹತ್ತು ಸೆಕೆಂಡು, ಸ್ಕ್ರೂ ಡ್ರೈವರ್ ಹುಡುಕಲು ಹತ್ತು ನಿಮಿಷ. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯೊಳಗೆ ಪೂರ್ತಿ ತೂರುವ ಯಾವ ವಸ್ತುವೂ, ಅದು ಅಣ್ಣ ಅಕ್ಕಂದಿರದ್ದಾದರೂ, ಈ ಮಗುವಿನ ಕೈಗೆ ಬೇಡ. ಖಾಲಿ ರಟ್ಟಿನ ಡಬ್ಬಗಳನ್ನು ಮಾತ್ರ ಎಸೆಯಬೇಡಿ. ಪ್ಲಾಸ್ಟಿಕ್ ಕವರ್, ರಿಬ್ಬನ್ ಎಲ್ಲ ತೆಗೆದು, ಡಬ್ಬವನ್ನು ಹಜಾರದ ನಡುವೆ ಇಟ್ಟು ನೋಡಿ.

ಹಂತ 7: ಸಾಂತಾ ದೂರದಲ್ಲಿರಲಿ

ದೊಡ್ಡ ಗಡ್ಡ, ಮುಚ್ಚಿದ ಮುಖ, ಹೋ ಹೋ ಅನ್ನುವ ದನಿ. ಅಪರಿಚಿತರನ್ನು ಕಂಡರೆ ಹೆದರುವ ವಯಸ್ಸು. ಮಗು ಚೀರುವುದು ಸಹಜ. ತೊಡೆಯ ಮೇಲೆ ಕೂರಿಸಿ ಅಳಿಸಿ ತೆಗೆದ ಫೋಟೋ ನಗೆಯ ವಸ್ತು ಅಂತ ಹಲವರಿಗೆ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ. ನಿಮ್ಮ ಸೊಂಟದ ಮೇಲೇ ಎತ್ತಿಕೊಂಡು ದೂರದಿಂದ ಕೈ ಬೀಸಿ ಬನ್ನಿ. ಅಜ್ಜಿ, ಅತ್ತೆ, ಮಾವನಿಗೂ ಇದೇ ನಿಯಮ. ಮುತ್ತು ಕೊಡಲ್ಲ ಅಂದರೆ ಬೇಡ, ಕೈ ಕುಲುಕಲಿ, ಟಾಟಾ ಮಾಡಲಿ.

ಹಂತ 8: 24ರ ರಾತ್ರಿ, 25ರ ಹಗಲು

ಮೊದಲು ರಾತ್ರಿ ಪೂಜೆಯ ಪ್ರಶ್ನೆ. ಹೋಗಲೇಬೇಕು ಅನ್ನುವವರಿಗೆ ಎರಡು ದಾರಿ. ಒಬ್ಬರು ರಾತ್ರಿ ಹೋಗಿ, ಇನ್ನೊಬ್ಬರು ಬೆಳಗಿನ ಪೂಜೆಗೆ ಹೋಗುವುದು. ಇಲ್ಲವೇ ಮಗುವನ್ನು ಎಂದಿನ ಹೊತ್ತಿಗೇ ರಾತ್ರಿಯುಡುಪಿನಲ್ಲಿ ಮಲಗಿಸಿ, ನಿದ್ದೆಯಲ್ಲೇ ಹೊದ್ದಿಸಿ ಎತ್ತಿಕೊಂಡು ಹೋಗುವುದು. ಚರ್ಚಿನಲ್ಲಿ ಹಿಂದಿನ ಸಾಲು, ಬಾಗಿಲ ಪಕ್ಕ. ನಾವು ಎರಡನೆಯದನ್ನು ಒಮ್ಮೆ ಮಾಡಿದೆವು. ಗ್ಲೋರಿಯಾ ಹಾಡಿನ ಗಂಟೆಗಳಿಗೆ ಮಗ ಎದ್ದವನು ಮೂರು ಗಂಟೆಯವರೆಗೆ ಮಲಗಲಿಲ್ಲ. ಈಗ ಸರದಿಯೇ ಸರಿ ಅನ್ನಿಸಿದೆ.

ಹಬ್ಬದ ದಿನದ ಕ್ರಮ ಸರಳ. ಬೆಳಗ್ಗೆ ಎಂದಿನ ತಿಂಡಿ, ಹೊಟ್ಟೆ ತುಂಬ. ಆಮೇಲೆ ಒಂದು ಉಡುಗೊರೆ. ಆಮೇಲೆ ಹೊರಗೆ ಓಡಾಟ, ಅರ್ಧ ಗಂಟೆಯಾದರೂ. ಜನ ಬರುವುದಾದರೆ ನಿದ್ದೆಗೆ ಮುಂಚೆ ಅಥವಾ ನಂತರ, ಎರಡರಲ್ಲಿ ಒಂದು ಮಾತ್ರ. ದೊಡ್ಡವರ ಊಟ ಎರಡೂವರೆಗೆ ಅಂದರೆ ಮಗುವಿಗೆ ಹನ್ನೆರಡಕ್ಕೇ ಬಡಿಸಿ ಮಲಗಿಸಿ.

ಮೇಜಿನ ಮೇಲಿನ ತಟ್ಟೆಗಳನ್ನು ನೀವೇ ಕಾಯಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಇಡೀ ಗೋಡಂಬಿ ಬಾದಾಮಿ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಈ ವಯಸ್ಸಿಗೆ ಬೇಡವೇ ಬೇಡ. ಇಡೀ ಬೀಜಗಳನ್ನಂತೂ ಐದು ವರ್ಷದವರೆಗೆ ಕೊಡದಿರುವುದೇ ಲೇಸು. ಒಂದು ವರ್ಷ ದಾಟಿದ ಮಗುವಿಗೆ ಗಂಟಲಲ್ಲಿ ಸಿಕ್ಕಿ, ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲ್ಭಾಗಕ್ಕೆ ಅಂಗೈಯಿಂದ ಐದು ಗುದ್ದು, ಹೋಗದಿದ್ದರೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಒಳಕ್ಕೂ ಮೇಲಕ್ಕೂ ಐದು ಒತ್ತು, ಹೀಗೆ ಒಂದಾದ ಮೇಲೊಂದು. ಜೊತೆಯಲ್ಲಿರುವವರು ಆಂಬುಲೆನ್ಸ್‌ಗೆ ಫೋನ್ ಮಾಡಲಿ. ಇದನ್ನು ಓದಿ ಕಲಿಯುವುದಕ್ಕಿಂತ ಯಾರಾದರೂ ತಿಳಿದವರ ಹತ್ತಿರ ಒಮ್ಮೆ ಮಾಡಿ ನೋಡಿ.

ಬಿಸಿ ಕಾಫಿ ಟೀ ಮೇಜಿನ ಅಂಚಿಗೆ ಬೇಡ. ಮಾಡಿ ಕಾಲು ಗಂಟೆಯಾದ ಕಪ್ಪೂ ಮಗುವಿನ ಚರ್ಮ ಸುಡಬಲ್ಲದು. ಚೆಲ್ಲಿಕೊಂಡರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸು, ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿ. ಪಾರ್ಟಿ ಇದ್ದರೆ ಅರ್ಧ ಕುಡಿದಿಟ್ಟ ವೈನ್ ಲೋಟಗಳನ್ನು ರಾತ್ರಿಯೇ ತೊಳೆದಿಡಿ. ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಮಗು. ಅಷ್ಟು ಚಿಕ್ಕ ಮೈಯಲ್ಲಿ ಸ್ವಲ್ಪ ಮದ್ಯವೂ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು.

ಸಂಜೆಯ ಹೊತ್ತಿಗೆ ರಂಪ ಗ್ಯಾರಂಟಿ. ಆಗ ಯಾರಾದರೂ “ಕೇಕ್ ಜಾಸ್ತಿ ಆಯ್ತು, ಅದಕ್ಕೇ ಹೀಗೆ ಕುಣಿಯುತ್ತೆ” ಅನ್ನುತ್ತಾರೆ. ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುತ್ತದೆಯೇ ಅಂತ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ವರದಿ 1995ರಲ್ಲೇ ಬಂದಿದೆ. ಅಂಥ ಸಂಬಂಧ ಕಾಣಲಿಲ್ಲ. ಹಲ್ಲಿಗೆ, ಊಟದ ರುಚಿಗೆ ಸಿಹಿ ಕಡಿಮೆ ಕೊಡಿ, ಎರಡು ತುಂಬುವವರೆಗೆ ಆದಷ್ಟೂ ಬೇಡ. ಆದರೆ ರಂಪಕ್ಕೆ ಕಾರಣ ಗದ್ದಲ, ಹೊಸ ಮುಖ, ತಪ್ಪಿದ ನಿದ್ದೆ. ಮಗುವನ್ನು ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗಿ. ದೀಪ ಸಣ್ಣದು ಮಾಡಿ. ಮಾತು ಬೇಡ, ಬುದ್ಧಿ ಹೇಳುವುದಂತೂ ಬೇಡ. ಎದೆಗೊರಗಿಸಿಕೊಂಡು ಹತ್ತು ನಿಮಿಷ ಕೂರಿ. ನನ್ನ ಕ್ರಿಸ್‌ಮಸ್‌ನ ಒಳ್ಳೆಯ ನೆನಪುಗಳಲ್ಲಿ ಎರಡು ಮೂರು ಆ ಕತ್ತಲ ಕೋಣೆಯವೇ. ಆಚೆ ನಗು, ಪಾತ್ರೆ ಸದ್ದು. ಕತ್ತಿನ ಮೇಲೆ ಬಿಸಿ ಉಸಿರು, ಬಿಕ್ಕು ನಿಧಾನವಾಗಿ ನಿಲ್ಲುವುದು.

ನೆಂಟರ ಮಕ್ಕಳ ಜೊತೆ ಆಟಿಕೆಗೆ ಜಗಳ ಆಗುತ್ತದೆ. ಈ ವಯಸ್ಸಿನವರು ಜೊತೆಗೂಡಿ ಆಡುವುದಕ್ಕಿಂತ ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುವುದೇ ಹೆಚ್ಚು. ಹಂಚಿಕೋ ಅಂದರೆ ಕಿತ್ತುಕೊಂಡರು ಅಂತಲೇ ಅರ್ಥ. ಮಗುವಿಗೆ ಪ್ರಾಣವಾದ ಒಂದೆರಡನ್ನು ನೆಂಟರು ಬರುವ ಮೊದಲೇ ಬಚ್ಚಿಡಿ.

ಹಂತ 9: ಬೇರೆಯವರ ಮನೆಗೆ ಹೋಗುವಾಗ

ಮಗುವಿನ ಹೊದಿಕೆಯನ್ನು ಒಗೆಯದೆ ತೆಗೆದುಕೊಂಡು ಹೋಗಿ. ಮನೆಯ ವಾಸನೆ ಇರಬೇಕು. ತಲುಪಿದ ಕೂಡಲೇ ಮೆಟ್ಟಿಲು, ಔಷಧಿ ಇಟ್ಟ ಜಾಗ, ಅಜ್ಜ ಅಜ್ಜಿಯರ ಮಾತ್ರೆ ಡಬ್ಬ, ಬಾತ್‌ರೂಮಿನ ಬಕೆಟ್ ನೋಡಿ. ಆ ಮನೆಗೆ ಮಗುವಿನ ಅಭ್ಯಾಸ ಇರುವುದಿಲ್ಲ. ಜನ ಜಾಸ್ತಿ ಇರುವಲ್ಲಿ “ಎಲ್ಲರೂ ನೋಡ್ತಿದಾರೆ” ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ. ಅರ್ಧ ಅರ್ಧ ಗಂಟೆ ಸರದಿ ಹಾಕಿಕೊಳ್ಳಿ. ಸರದಿ ಬದಲಿಸುವಾಗ “ಈಗ ನಿನ್ನದು” ಅಂತ ಬಾಯಿಬಿಟ್ಟು ಹೇಳಿ.

ಹಂತ 10: 26ರ ನಂತರ

26ಕ್ಕೆ ಯಾವ ಕಾರ್ಯಕ್ರಮವೂ ಬೇಡ. ರಾತ್ರಿ ಎದ್ದು ಕೂಗುವುದು, ಊಟ ಬೇಡ ಅನ್ನುವುದು, ಸದಾ ಸೆರಗು ಹಿಡಿದಿರುವುದು ಕೆಲವು ದಿನ ಇರುತ್ತದೆ. ಊಟ, ಸ್ನಾನ, ಕಥೆ, ನಿದ್ದೆ ಹಳೆಯ ಹೊತ್ತಿಗೆ ಮರಳಿದರೆ ಅದೂ ಮರಳುತ್ತದೆ.

ಮರವನ್ನು ಒಂದೇ ರಾತ್ರಿಯಲ್ಲಿ ಮಾಯ ಮಾಡಬೇಡಿ. ನಾವು ಮೊದಲ ವರ್ಷ ಮಗಳು ಮಲಗಿದ್ದಾಗ ಬಿಚ್ಚಿಟ್ಟೆವು. ಬೆಳಗ್ಗೆ ಅವಳು ಆ ಮೂಲೆಗೆ ಹೋಗಿ ನಿಂತು, ಕೈ ಅಗಲಿಸಿ “ಎಲ್ಲಿ?” ಅಂತ ಇಡೀ ದಿನ ಕೇಳಿದಳು. ಈಗ ಜನವರಿ 6ರ ಹೊತ್ತಿಗೆ ಮೂರು ದಿನ ತೆಗೆದುಕೊಂಡು ಬಿಚ್ಚುತ್ತೇವೆ. ಮೊದಲ ದಿನ ಮೇಲಿನ ಗೋಲಗಳು, ಎರಡನೇ ದಿನ ದೀಪ, ಕೊನೆಗೆ ಮಗುವಿನ ಕೆಳಗಿನ ಅರ್ಧ, ಅದನ್ನು ಅವನೇ ಕಿತ್ತು ಡಬ್ಬಕ್ಕೆ ಹಾಕಲಿ. ಹಾಕುವಾಗ ನೀವು ಫ್ರಿಜ್ಜಿನ ಮೇಲಿನ ಚೀಟಿ ತೆಗೆದು ಬ್ಯಾಟರಿ ಎಣಿಸಿ. ಒಂದು ಕಡಿಮೆ ಬಂದರೂ ಸೋಫಾ ಎತ್ತಿ.